ಮನೆಯ ಬೆಕ್ಕಿಗೂ ಸಮುದ್ರದ ಸೀಲಿಗೂ ಏನು ನಂಟು? ಹವಾಯಿಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಮೈಸೂರಿನವರು. ಕೆಲಸದ ಕಾರಣ ಹೋದ ವರ್ಷ ಹವಾಯಿಯ ಬಿಗ್ ಐಲ್ಯಾಂಡಿಗೆ ಬಂದಿದ್ದೇವೆ. ಹಿಲೋ ಊರಿನ ಹೊರಗೆ ಮನೆ. ಒಂದು ನಾಯಿ, ಒಂದು ಬೆಕ್ಕು, ಹಿತ್ತಲಲ್ಲಿ ನಾಲ್ಕೈದು ಕೋಳಿ ಇವೆ. ಸುತ್ತ ಕಾಡು. ಕಾಡುಹಂದಿ, ಇಲಿ, ಮುಂಗುಸಿ ಎಲ್ಲ ಓಡಾಡುತ್ತವೆ. ಇವುಗಳಿಂದ ನಮ್ಮ ಪ್ರಾಣಿಗಳಿಗೆ ಹುಳ, ಪರೋಪಜೀವಿ ಹತ್ತುತ್ತವಾ? ಪಕ್ಕದ ಮನೆಯವರು ಬೇರೆ, ಬೆಕ್ಕನ್ನು ಹೊರಗೆ ಬಿಡಬೇಡಿ, ಅದರಿಂದ ಸೀಲ್‌ಗಳು ಸಾಯುತ್ತವೆ ಅನ್ನುತ್ತಾರೆ. ನಮ್ಮ ಬೆಕ್ಕು ಸಮುದ್ರದ ಹತ್ತಿರವೂ ಹೋಗುವುದಿಲ್ಲ. ಇದು ನಿಜವಾ? ಮುಂದಿನ ವರ್ಷ ಊರಿನಲ್ಲಿ ಅಪ್ಪ-ಅಮ್ಮ ಸಾಕಿರುವ ನಾಯಿಯನ್ನೂ ಇಲ್ಲಿಗೆ ಕರೆತರುವ ಯೋಚನೆ ಇದೆ. ಏನು ನೋಡಿಕೊಳ್ಳಬೇಕು?

ಉತ್ತರ: ಪಕ್ಕದ ಮನೆಯವರು ಹೇಳಿದ್ದು ನಿಜ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಡಿನಿಂದ ಮನೆಗೆ ಏನು ಬರುತ್ತದೆ ಅಂತ ನೀವು ಕೇಳಿದ್ದೀರಿ. ಅದಕ್ಕೂ ಉತ್ತರ ಇದೆ, ಕೊಡುತ್ತೇನೆ. ಆದರೆ ಹವಾಯಿಯಂಥ ದ್ವೀಪದಲ್ಲಿ ಮನೆಯಿಂದ ಕಾಡಿಗೆ, ಕಡಲಿಗೆ ಹೋಗುವ ರೋಗವೇ ಜಾಸ್ತಿ ಜೀವ ತೆಗೆದಿದೆ. ಅದು ಯಾಕೆ ಅಂತ ತಿಳಿದರೆ ಉಳಿದದ್ದೆಲ್ಲ ಸುಲಭ.

ಹವಾಯಿಯಿಂದ ಹತ್ತಿರದ ಖಂಡಕ್ಕೆ ಸುಮಾರು 3,800 ಕಿ.ಮೀ. ಇಷ್ಟು ದೂರ ಹಾರಿ ಬಂದು ನೆಲೆಸಿದ ನೆಲದ ಸಸ್ತನಿ ಅಂದರೆ ಬಾವಲಿ ಮಾತ್ರ. ನಿಮ್ಮ ಹಿತ್ತಲಿನ ಸುತ್ತ ಓಡಾಡುವ ನಾಲ್ಕು ಕಾಲಿನ ಪ್ರತಿಯೊಂದು ಪ್ರಾಣಿಯೂ ಮನುಷ್ಯರ ಜೊತೆ ಬಂದದ್ದೇ. ಹಂದಿ ಮತ್ತು ಒಂದು ಜಾತಿಯ ಇಲಿ ಪಾಲಿನೇಷ್ಯದ ಜನರ ದೋಣಿಗಳಲ್ಲಿ ಬಂದವು. ಬೆಕ್ಕು ಮತ್ತು ಉಳಿದ ಇಲಿಗಳು ಯುರೋಪಿನ ಹಡಗುಗಳಲ್ಲಿ ಬಂದವು. ಮುಂಗುಸಿಯನ್ನು ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 1883ರಲ್ಲಿ ತರಿಸಿದರು. ಅದು ಜಮೈಕಾದಿಂದ ಬಂದರೂ ಮೂಲ ಭಾರತದ್ದೇ. ನೀವು ದಿನಾ ನೋಡುವ ಮೈನಾ ಹಕ್ಕಿಯೂ 1865ರಲ್ಲಿ ನಮ್ಮ ದೇಶದಿಂದ ಹೋದದ್ದು. ಮೊಲೊಕಾಯಿ ದ್ವೀಪದಲ್ಲಿ ಚುಕ್ಕೆ ಜಿಂಕೆಗಳೂ ಇವೆ. 1860ರ ದಶಕದ ಕೊನೆಗೆ ರಾಜ ಐದನೇ ಕಮೇಹಮೇಹಾಗೆ ಉಡುಗೊರೆಯಾಗಿ ಬಂದವುಗಳ ಸಂತತಿ ಅವು.

ಹಾಗಾಗಿ "ಕಾಡುಪ್ರಾಣಿ" ಅಂತ ನೀವು ಕರೆದಿದ್ದರಲ್ಲಿ ಎರಡು ಗುಂಪು ಇದೆ. ಹಂದಿ, ಇಲಿ, ಮುಂಗುಸಿ ಒಂದು ಗುಂಪು. ಇವು ಖಂಡಗಳಿಂದ ತಮ್ಮ ಹುಳಗಳನ್ನು ಮೈಯಲ್ಲಿ ಹೊತ್ತುಕೊಂಡೇ ಬಂದವು. ಅವುಗಳ ಜೊತೆ ಬದುಕುವುದು ಇವಕ್ಕೆ ಹಳೆಯ ಅಭ್ಯಾಸ. ಇನ್ನೊಂದು ಗುಂಪು ಅಲ್ಲೇ ಹುಟ್ಟಿ ಬೆಳೆದ ಹಕ್ಕಿಗಳು, ಸೀಲ್‌ಗಳು. ಇವು ಆ ಪರೋಪಜೀವಿಗಳ ಮುಖವನ್ನೇ ನೋಡಿರಲಿಲ್ಲ. ಪರೋಪಜೀವಿಗೂ ಆಶ್ರಯ ಕೊಟ್ಟ ಪ್ರಾಣಿಗೂ ಸಾವಿರಾರು ತಲೆಮಾರಿನ ಒಡನಾಟ ಇದ್ದರೆ ಇಬ್ಬರೂ ಹೇಗೋ ಬದುಕುತ್ತಾರೆ. ಹೊಸದಾಗಿ ಎದುರಾದರೆ ಸಾವು ಸಾಲು ಸಾಲಾಗಿ ಬರುತ್ತದೆ.

ಈಗ ನಿಮ್ಮ ಬೆಕ್ಕಿನ ವಿಷಯಕ್ಕೆ ಬರೋಣ.

ಟಾಕ್ಸೋಪ್ಲಾಸ್ಮಾ ಗೊಂಡಿ ಅಂತ ಒಂದು ಏಕಕೋಶ ಜೀವಿ ಇದೆ. ಬಿಸಿರಕ್ತದ ಯಾವ ಪ್ರಾಣಿಯ ಒಳಗೂ ಅದು ಇರಬಲ್ಲದು. ಇಲಿ, ಕುರಿ, ಹಕ್ಕಿ, ಮನುಷ್ಯ, ಯಾರಾದರೂ ಆದೀತು. ಆದರೆ ಅದರ ಗಂಡು-ಹೆಣ್ಣು ರೂಪಗಳು ಕೂಡಿ ಹೊಸ ಪೀಳಿಗೆ ಹುಟ್ಟುವುದು ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಮೊಟ್ಟೆಯಂಥ ಗಟ್ಟಿ ಕೋಶಗಳು ಮಲದ ಜೊತೆ ಹೊರಬೀಳುವುದೂ ಅವುಗಳಿಂದ ಮಾತ್ರ. ಹವಾಯಿಯಲ್ಲಿ ಹುಲಿ, ಚಿರತೆ, ಕಾಡುಬೆಕ್ಕು ಯಾವುದೂ ಇರಲಿಲ್ಲ. ಅಂದಮೇಲೆ ಅಲ್ಲಿನ ಮಣ್ಣಿನಲ್ಲಿರುವ ಅಂಥ ಪ್ರತಿ ಕೋಶವೂ ಮನುಷ್ಯ ತಂದ ಸಾಕುಬೆಕ್ಕಿನ ಹೊಟ್ಟೆಯಿಂದಲೇ ಬಂದದ್ದು, ಅಲ್ವಾ?

ಬೆಕ್ಕು ಸೋಂಕಿರುವ ಇಲಿಯನ್ನೋ ಹಕ್ಕಿಯನ್ನೋ ಮೊದಲ ಸಲ ತಿಂದಾಗ, ಒಂದರಿಂದ ಮೂರು ವಾರ ಅದರ ಮಲದಲ್ಲಿ ಈ ಕೋಶಗಳು ಬರುತ್ತವೆ. ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿಗಟ್ಟಲೆ. ಬೆಕ್ಕು ನೋಡಲು ಆರೋಗ್ಯವಾಗಿಯೇ ಇರುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಹೊರಬಿದ್ದ ಕೋಶ ಒಂದರಿಂದ ಐದು ದಿನದಲ್ಲಿ ಬಲಿಯುತ್ತದೆ. ಬಲಿತ ಮೇಲೆ ತೇವದ ಮಣ್ಣಿನಲ್ಲಿ ವರ್ಷಕ್ಕೂ ಮೀರಿ ಬದುಕುತ್ತದೆ. ಕ್ಲೋರಿನ್‌ಗೂ ಜಗ್ಗುವುದಿಲ್ಲ. ಹಿಲೋದಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಆ ನೀರು ಹಿತ್ತಲಿನ ಮಣ್ಣನ್ನು ತೊಳೆದು ತೊರೆಗೆ, ತೊರೆಯಿಂದ ಸಮುದ್ರಕ್ಕೆ ಒಯ್ಯುತ್ತದೆ. ನಿಮ್ಮ ಬೆಕ್ಕು ಕಡಲ ದಂಡೆಗೆ ಹೋಗಬೇಕಾಗಿಯೇ ಇಲ್ಲ.

ಹವಾಯಿಯ ಮಾಂಕ್ ಸೀಲ್ ಇಡೀ ಜಗತ್ತಿನಲ್ಲಿ ಉಳಿದಿರುವುದು ಸುಮಾರು 1,600. ಅದರಲ್ಲಿ ಜನವಸತಿ ಇರುವ ಮುಖ್ಯ ದ್ವೀಪಗಳ ಸುತ್ತ ಇರುವುದು 400ರಷ್ಟು. ಈ ಕೋಶಗಳು ನೀರಿನ ಜೊತೆಯೋ ಬೇಟೆಯ ಜೊತೆಯೋ ಅವುಗಳ ಹೊಟ್ಟೆ ಸೇರುತ್ತವೆ. ಆಮೇಲೆ ಜೀವಿ ಕರುಳು ದಾಟಿ ಯಕೃತ್ತು, ಹೃದಯ, ಮೆದುಳಿಗೆ ಹರಡುತ್ತದೆ. 2018ರ ಮೇ ತಿಂಗಳಲ್ಲಿ ಓವಾಹು ದ್ವೀಪದಲ್ಲಿ ಕೆಲವೇ ದಿನಗಳಲ್ಲಿ ಮೂರು ಸೀಲ್ ಇದರಿಂದ ಸತ್ತವು. 2001ರಿಂದ ಈಚೆಗೆ ದಾಖಲಾದ ಸಾವು ಹತ್ತಕ್ಕೂ ಜಾಸ್ತಿ. ಹೆಣವೇ ಸಿಗದೆ ಸಮುದ್ರದಲ್ಲಿ ಹೋದವು ಈ ಲೆಕ್ಕದಲ್ಲಿ ಇಲ್ಲ. ಸತ್ತವುಗಳಲ್ಲಿ ಹೆಣ್ಣುಗಳೇ ಹೆಚ್ಚು. ಇಷ್ಟು ಚಿಕ್ಕ ಸಂತತಿಯಲ್ಲಿ ಒಂದು ಹೆಣ್ಣು ಹೋದರೆ ಅದು ಹೆರಬೇಕಿದ್ದ ಮರಿಗಳೆಲ್ಲ ಹೋದಂತೆಯೇ. ಕಾಯಿಲೆಯ ಲಕ್ಷಣ ಕಾಣುವ ಹೊತ್ತಿಗೆ ಒಳಗೆ ಬಹಳ ಹಾಳಾಗಿರುತ್ತದೆ. ಆಗ ಉಳಿಸುವುದು ತುಂಬ ಕಷ್ಟ.

ಸೀಲ್ ಒಂದೇ ಅಲ್ಲ. ನೇನೆ ಅನ್ನುವ ಹೆಬ್ಬಾತು ಹವಾಯಿ ರಾಜ್ಯದ ಹಕ್ಕಿ. ಅದನ್ನು ಕೊಲ್ಲುವ ಸೋಂಕುಗಳಲ್ಲಿ ಟಾಕ್ಸೋಪ್ಲಾಸ್ಮಾಕ್ಕೆ ಮೊದಲ ಜಾಗ. ಅಲಲಾ ಅನ್ನುವ ಹವಾಯಿ ಕಾಗೆ ನಿಮ್ಮ ದ್ವೀಪದ್ದೇ ಹಕ್ಕಿ. 1990ರ ದಶಕದಲ್ಲಿ ಪಂಜರದಲ್ಲಿ ಬೆಳೆಸಿ ಕಾಡಿಗೆ ಬಿಟ್ಟ ಕಾಗೆಗಳಲ್ಲಿ ಕೆಲವು ಇದೇ ಸೋಂಕಿನಿಂದ ಸತ್ತವು. 2002ರ ಹೊತ್ತಿಗೆ ಅದು ಕಾಡಿನಿಂದ ಕಾಣೆಯಾಯಿತು. ಆಮೇಲೆ ಪಂಜರದಲ್ಲಿ ಬೆಳೆಸಿದವನ್ನು ಮತ್ತೆ ಬಿಟ್ಟು ನೋಡಿದ್ದಾರೆ.

ಹಾಗಾಗಿ ಬೆಕ್ಕು ಮನೆಯೊಳಗೇ ಇರಲಿ. ಜಗಲಿಗೆ ಜಾಲರಿ ಹೊಡೆಸಿದರೆ ಅದಕ್ಕೆ ಬಿಸಿಲು, ಗಾಳಿ ಎರಡೂ ಸಿಗುತ್ತವೆ. ಹಸಿ ಮಾಂಸ ಹಾಕಬೇಡಿ. ಮಲದ ಟ್ರೇಯನ್ನು ದಿನಾ ತೆಗೆಯಿರಿ. ಕೋಶ ಬಲಿಯಲು ಕಡಿಮೆಯೆಂದರೂ ಒಂದು ದಿನ ಬೇಕು ಅಂದೆನಲ್ಲ, ಅದಕ್ಕೇ ಈ ಮಾತು. ತೆಗೆದದ್ದನ್ನು ಚೀಲದಲ್ಲಿ ಕಟ್ಟಿ ಕಸದ ಬುಟ್ಟಿಗೆ ಹಾಕಿ. ಟಾಯ್ಲೆಟ್‌ಗೆ ಸುರಿದು ಫ್ಲಶ್ ಮಾಡಬೇಡಿ, ಗೊಬ್ಬರದ ಗುಂಡಿಗೂ ಬೇಡ. ಮನೆಯಲ್ಲಿ ಬಸುರಿಯರಿದ್ದರೆ ಆ ಕೆಲಸ ಬೇರೆಯವರು ಮಾಡಲಿ. ಹೊಟ್ಟೆಯೊಳಗಿನ ಮಗುವಿಗೂ ಈ ಜೀವಿಯಿಂದ ಅಪಾಯ ಇದೆ.

ಇಲ್ಲಿ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಬೀದಿಬೆಕ್ಕುಗಳಿಗೆ ದಿನಾ ಊಟ ಹಾಕುವವರ ಮನಸ್ಸು ಒಳ್ಳೆಯದು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೂ ಹವಾಯಿಯಲ್ಲಿ, ಅದರಲ್ಲೂ ಕಡಲ ದಂಡೆಯ ಪಾರ್ಕುಗಳಲ್ಲಿ, ಬೆಕ್ಕಿನ ಗುಂಪುಗಳನ್ನು ಊಟ ಹಾಕಿ ಉಳಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆಪರೇಷನ್ ಮಾಡಿಸಿದರೆ ಮರಿ ಹಾಕುವುದು ನಿಲ್ಲುತ್ತದೆ. ಮಲದ ಜೊತೆ ಕೋಶ ಬರುವುದು ನಿಲ್ಲುವುದಿಲ್ಲ. ಈ ಕೋಶ ಬಾರದಂತೆ ತಡೆಯಲು ಬೆಕ್ಕಿಗೆ ಹಾಕುವ ಲಸಿಕೆ ಮಾರುಕಟ್ಟೆಯಲ್ಲಿ ಇಲ್ಲ. ಆ ಬೆಕ್ಕುಗಳಿಗೆ ಬೇಕಿರುವುದು ಮನೆ.

ನೀವು ಕೇಳದೇ ಬಿಟ್ಟ ಒಂದು ವಿಷಯ ಇದೆ. ಸೊಳ್ಳೆ. ನನ್ನ ಮಟ್ಟಿಗೆ ಹವಾಯಿಯ ಪರೋಪಜೀವಿಗಳ ಕಥೆಯಲ್ಲಿ ಇದಕ್ಕಿಂತ ದುಃಖದ ಭಾಗ ಇನ್ನೊಂದಿಲ್ಲ.

1826ಕ್ಕೆ ಮುಂಚೆ ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ. ಆ ವರ್ಷ ವೆಲ್ಲಿಂಗ್ಟನ್ ಅನ್ನುವ ಹಡಗು ಮೆಕ್ಸಿಕೋ ಕಡೆಯಿಂದ ಮಾವಿ ದ್ವೀಪದ ಲಹೈನಾಕ್ಕೆ ಬಂತು. ಅದರ ಪೀಪಾಯಿಗಳ ತಳದ ನೀರನ್ನು ಅಲ್ಲೇ ಚೆಲ್ಲಿದರು. ಆ ನೀರಿನಲ್ಲಿ ಸೊಳ್ಳೆಮರಿಗಳಿದ್ದವು. ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್ ಅನ್ನುವ ಜಾತಿ. ಹೆಸರು ಉದ್ದ, ಆದರೆ ಗುರುತು ಸಿಗುತ್ತದೆ. ನಮ್ಮ ಊರುಗಳ ಚರಂಡಿಯಲ್ಲಿ ಹುಟ್ಟಿ ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವ ಸೊಳ್ಳೆ ಇದೇ. ಆನೆಕಾಲು ರೋಗ ಹರಡುವುದೂ ಇದೇ. ಹವಾಯಿಯಲ್ಲಿ ಬಹಳ ಕಾಲ ಅದು ಸುಮ್ನೆ ಕಚ್ಚುವ ಸೊಳ್ಳೆಯಾಗಿತ್ತು. ಆಮೇಲೆ ಹೊರದೇಶದ ಹಕ್ಕಿಗಳನ್ನು ತಂದು ಬಿಟ್ಟರು. ಅವುಗಳ ರಕ್ತದಲ್ಲಿ ಹಕ್ಕಿಗಳ ಮಲೇರಿಯಾ, ಅಂದರೆ ಪ್ಲಾಸ್ಮೋಡಿಯಂ ರೆಲಿಕ್ಟಮ್ ಬಂತು. ಮನುಷ್ಯರಿಗೆ ಇದು ಹತ್ತುವುದಿಲ್ಲ, ಹೆದರಬೇಡಿ.

ಹವಾಯಿಯ ಹನಿಕ್ರೀಪರ್ ಹಕ್ಕಿಗಳ ಪೂರ್ವಜರು ಏಷ್ಯಾದ ರೋಸ್‌ಫಿಂಚ್‌ಗಳ ಬಳಗದವು. ಚಳಿಗಾಲದಲ್ಲಿ ನಮ್ಮ ಪಶ್ಚಿಮ ಘಟ್ಟಕ್ಕೂ ಬರುತ್ತದಲ್ಲ, ಆ ಕೆಂಪು ತಲೆಯ ಹಕ್ಕಿಯ ಬಳಗ. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿಗೆ ತಲುಪಿದ ಒಂದು ಗುಂಪಿನಿಂದ 50ಕ್ಕೂ ಹೆಚ್ಚು ಜಾತಿ ಆದವು. ಒಂದೊಂದರ ಕೊಕ್ಕು ಒಂದೊಂದು ಥರ. ಈಗ ಉಳಿದಿರುವುದು 17ರಷ್ಟು. ಕಾಡು ಕಡಿದದ್ದು, ಇಲಿ ಮತ್ತು ಬೆಕ್ಕು ತಿಂದದ್ದು, ಎಲ್ಲವೂ ಕಾರಣವೇ. ಆದರೆ ಕಾಡು ಚೆನ್ನಾಗಿದ್ದ ಕಡೆಯೂ ಹಕ್ಕಿ ಕಾಣೆಯಾಗಲು ಮುಖ್ಯ ಕಾರಣ ಮಲೇರಿಯಾ. ಕಡುಕೆಂಪು ಬಣ್ಣದ ಇಇವಿ ಹಕ್ಕಿಗೆ ಸೋಂಕಿರುವ ಒಂದೇ ಒಂದು ಸೊಳ್ಳೆ ಕಚ್ಚಿದರೂ ಹತ್ತರಲ್ಲಿ ಒಂಬತ್ತು ಸಾಯುತ್ತವೆ. 1995ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ತೋರಿಸಿತು.

ಇಷ್ಟರಲ್ಲೂ ಕೆಲವು ಹಕ್ಕಿ ಹೇಗೆ ಉಳಿದವು? ಚಳಿಯಿಂದ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸೊಳ್ಳೆಯ ಹೊಟ್ಟೆಯಲ್ಲಿ ಈ ಜೀವಿ ಬೆಳೆಯುವುದಿಲ್ಲ. ಹಾಗಾಗಿ ಸುಮಾರು 1,500 ಮೀಟರಿಗಿಂತ ಎತ್ತರದ ಕಾಡು ಹಕ್ಕಿಗಳಿಗೆ ಆಸರೆಯಾಯಿತು. ಈಗ ಬಿಸಿ ಏರುತ್ತಿದೆ, ಸೊಳ್ಳೆಯೂ ಮೇಲೇರುತ್ತಿದೆ. ನಿಮ್ಮ ದ್ವೀಪದಲ್ಲಿ ಮೌನಾ ಲೋವಾ ಬೆಟ್ಟ ಇದೆ, ಇನ್ನೂ ಮೇಲಕ್ಕೆ ಜಾಗ ಇದೆ. ಕವಾಯಿ ದ್ವೀಪದ ತುದಿಯೇ 1,600 ಮೀಟರ್ ಮುಟ್ಟುವುದಿಲ್ಲ. ಅಲ್ಲಿನ ಅಕಿಕಿಕಿ ಅನ್ನುವ ಪುಟ್ಟ ಹಕ್ಕಿ ಕಾಡಿನಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಉಳಿದವನ್ನು ಪಂಜರದಲ್ಲಿ ಕಾಪಾಡುತ್ತಿದ್ದಾರೆ. 2019ರಲ್ಲಿ ಮಾವಿಯ ಕಿವಿಕಿಯು ಹಕ್ಕಿಗಳಿಗೆ ಹೊಸ ನೆಲೆ ಮಾಡಿಕೊಡಲು 14 ಹಕ್ಕಿಗಳನ್ನು ಬೆಟ್ಟದ ಇನ್ನೊಂದು ಮಗ್ಗುಲಿಗೆ ಒಯ್ದರು. ವರ್ಷಗಟ್ಟಲೆ ತಯಾರಿ ಮಾಡಿದ ಕೆಲಸ. ಕೆಲವೇ ವಾರಗಳಲ್ಲಿ ಹೆಚ್ಚಿನವು ಮಲೇರಿಯಾದಿಂದ ಸತ್ತವು. 2023ರಲ್ಲಿ ಅಮೆರಿಕ ಸರ್ಕಾರ ಅಳಿದುಹೋದವು ಅಂತ ಅಧಿಕೃತವಾಗಿ ಪಟ್ಟಿಯಿಂದ ತೆಗೆದ ಜೀವಿಗಳಲ್ಲಿ ಎಂಟು ಹವಾಯಿಯ ಕಾಡುಹಕ್ಕಿಗಳು.

ಕಾಡುಹಂದಿಗೆ ಇದರಲ್ಲಿ ಏನು ಪಾಲು ಅಂತ ಅನ್ನಿಸಬಹುದು. ಹವಾಯಿಯ ಕಾಡಿನಲ್ಲಿ ಮರದಷ್ಟು ಎತ್ತರದ ಜರೀಗಿಡಗಳಿವೆ. ಹಂದಿ ಅವನ್ನು ಕೆಡವಿ ಕಾಂಡದೊಳಗಿನ ಹಿಟ್ಟಿನಂಥ ತಿರುಳು ತಿನ್ನುತ್ತದೆ. ಉಳಿದ ಕಾಂಡ ತೊಟ್ಟಿಯಾಗುತ್ತದೆ. ಮಳೆನೀರು ನಿಲ್ಲುತ್ತದೆ. ತೂತು ಬಂಡೆಗಳ ನೆಲದಲ್ಲಿ ಬೇರೆಲ್ಲೂ ನಿಲ್ಲದ ನೀರು ಅಲ್ಲಿ ನಿಂತು ಸೊಳ್ಳೆ ಹುಟ್ಟುತ್ತದೆ. ಕಾಡಿಗೆ ಬೇಲಿ ಹಾಕಿ ಹಂದಿ ಹೊರಗಿಡಲು ಅಷ್ಟು ಖರ್ಚು ಮಾಡುವುದಕ್ಕೆ ಇದೂ ಒಂದು ಕಾರಣ.

ಒಳ್ಳೆಯ ಸುದ್ದಿಯೂ ಇದೆ. ಬಿಗ್ ಐಲ್ಯಾಂಡಿನ ತಗ್ಗು ಕಾಡುಗಳಲ್ಲಿ ಅಮಕಿಹಿ ಅನ್ನುವ ಹಳದಿ-ಹಸಿರು ಹಕ್ಕಿ ಮಲೇರಿಯಾ ಇದ್ದೂ ಬದುಕುವುದನ್ನು ರೂಢಿಸಿಕೊಂಡಿದೆ. ಸೋಂಕಿಗೆ ತಾಳಿಕೊಂಡವುಗಳ ಮರಿಗಳು ಹೆಚ್ಚಿ, ಈಗ ಅಲ್ಲಿ ಅದರ ಸಂಖ್ಯೆ ಚೆನ್ನಾಗಿದೆ. ಆದರೆ ಬದುಕಿ ಉಳಿದ ಹಕ್ಕಿ ಜೀವನಪೂರ್ತಿ ಆ ಪರೋಪಜೀವಿಯನ್ನು ರಕ್ತದಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಕಚ್ಚಿದ ಸೊಳ್ಳೆ ಮುಂದೆ ಇಇವಿಯನ್ನು ಕಚ್ಚಬಹುದು. ಇನ್ನೊಂದು ದಾರಿ ಸೊಳ್ಳೆಯನ್ನೇ ಕಡಿಮೆ ಮಾಡುವುದು. ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಸೊಳ್ಳೆಗಳ ಮೈಯಲ್ಲಿ ಸಹಜವಾಗಿ ಇರುತ್ತದೆ. ಬೇರೆ ತಳಿಯ ವೊಲ್ಬಾಕಿಯಾ ಇರುವ ಗಂಡು ಸೊಳ್ಳೆ ಕೂಡಿದರೆ ಅಲ್ಲಿನ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದೂ ಇಲ್ಲ. 2023ರ ಕೊನೆಯಿಂದ ಮಾವಿಯ ಕಾಡಿನ ಮೇಲೆ ಹೆಲಿಕಾಪ್ಟರಿನಿಂದ ಇಂಥ ಗಂಡು ಸೊಳ್ಳೆಗಳನ್ನು ವಾರ ವಾರವೂ ಲಕ್ಷಗಟ್ಟಲೆ ಬಿಡುತ್ತಿದ್ದಾರೆ. ಉಳಿದ ಹಕ್ಕಿಗಳಿಗೆ ಇದು ಹೊತ್ತಿಗೆ ಸರಿಯಾಗಿ ಒದಗಲಿ ಅನ್ನುವ ಆಸೆ ನನ್ನದು.

ನಿಮ್ಮ ಕೈಯಲ್ಲಿರುವುದು ಹಿತ್ತಲಿನ ನೀರು. ಕೋಳಿಗಳ ನೀರಿನ ಪಾತ್ರೆಯನ್ನು ದಿನಾ ಚೆಲ್ಲಿ ತೊಳೆಯಿರಿ. ಟೈರು, ಬಕೆಟ್, ಕುಂಡದ ತಟ್ಟೆ, ಛಾವಣಿಯ ದೋಣಿಯಲ್ಲಿ ನೀರು ನಿಲ್ಲದಿರಲಿ. ಮಳೆನೀರಿನ ತೊಟ್ಟಿ ಇದ್ದರೆ ಸೊಳ್ಳೆಪರದೆ ಬಿಗಿಯಾಗಿರಲಿ.

ಇದರಿಂದ ನಿಮ್ಮ ನಾಯಿಗೂ ಲಾಭ. ನಾಯಿಯ ಹಾರ್ಟ್‌ವರ್ಮ್ ಬರುವುದೂ ಸೊಳ್ಳೆ ಕಚ್ಚಿಯೇ. ಮರಿಹುಳ ನಾಯಿಯ ಮೈ ಸೇರಿ ಆರೇಳು ತಿಂಗಳಲ್ಲಿ ಹೃದಯ ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಒಂದು ಗೇಣಿಗೂ ಉದ್ದ ಬೆಳೆಯುತ್ತದೆ. ಹವಾಯಿಯಲ್ಲಿ ಚಳಿಗಾಲ ಅಂತ ಬಿಡುವಿಲ್ಲ, ವರ್ಷವಿಡೀ ಸೊಳ್ಳೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ತಿಂಗಳಿಗೊಮ್ಮೆ ತಡೆಗಟ್ಟುವ ಮಾತ್ರೆ ತಪ್ಪದೆ ಕೊಡಿ. ಬಲಿತ ಹುಳ ತೆಗೆಯುವ ಚಿಕಿತ್ಸೆ ನಾಯಿಗೆ ತುಂಬ ಹಿಂಸೆ, ಖರ್ಚೂ ಜಾಸ್ತಿ.

ಕಾಡಿನಿಂದ ಮನೆಗೆ ನಿಜವಾಗಿ ಬರುವ ಅಪಾಯ ಅಂದರೆ ಇಲಿಯ ಶ್ವಾಸಕೋಶದ ಹುಳ. ಹಿಲೋ ಮತ್ತು ಅದರ ಪಕ್ಕದ ಪೂನಾ ಜಿಲ್ಲೆಯ ಕಡೆ ಇದು ಜಾಸ್ತಿ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಲಿತ ಹುಳ ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿ ಇರುತ್ತದೆ. ಮರಿಹುಳಗಳು ಇಲಿಯ ಹಿಕ್ಕೆಯಲ್ಲಿ ಹೊರಬರುತ್ತವೆ. ಆ ಹಿಕ್ಕೆಯನ್ನು ಬಸವನಹುಳ ಅಥವಾ ಚಿಪ್ಪಿಲ್ಲದ ಅದರ ನೆಂಟ ಸ್ಲಗ್ ತಿನ್ನುತ್ತದೆ. ಅದನ್ನು ಇನ್ನೊಂದು ಇಲಿ ತಿಂದರೆ ಚಕ್ರ ಪೂರ್ತಿ. ನಡುವೆ ನಾಯಿಯೋ ಮನುಷ್ಯನೋ ಆ ಸ್ಲಗ್ಗನ್ನು ನುಂಗಿದರೆ ಮರಿಹುಳ ಮೆದುಳು, ಬೆನ್ನುಹುರಿಯ ತನಕ ಹೋಗಿ ಅಲ್ಲೇ ಸಾಯುತ್ತದೆ. ಸುತ್ತ ಊತ ಬರುತ್ತದೆ. ನಾಯಿಗೆ ಹಿಂಗಾಲು ಎಳೆಯುವುದು, ಬೆನ್ನು ಮುಟ್ಟಿದರೆ ನೋವು. ಮನುಷ್ಯರಿಗೆ ವಿಪರೀತ ತಲೆನೋವು, ಕತ್ತು ಬಿಗಿಯುವುದು, ಚರ್ಮ ಚುರುಗುಟ್ಟುವುದು. 2017ರಲ್ಲಿ ಹವಾಯಿಯಲ್ಲಿ ಸುಮಾರು 18 ಜನರಿಗೆ ಇದು ಖಚಿತವಾಯಿತು, ಹೆಚ್ಚಿನವರು ನಿಮ್ಮ ದ್ವೀಪದವರೇ. ನಮ್ಮ ಪಕ್ಕದ ಕೇರಳದಲ್ಲೂ ಇಂಥ ಮೆದುಳುಪೊರೆಯ ಊತ ಕಂಡಿದೆ. ಉಡದ ಹಸಿ ಮಾಂಸ ತಿಂದವರಲ್ಲಿ ಅದನ್ನು ಗುರುತಿಸಿದ್ದಾರೆ.

ನಾಯಿಯ ಊಟದ ತಟ್ಟೆಯನ್ನು ರಾತ್ರಿ ಹೊರಗೆ ಬಿಡಬೇಡಿ. ಸ್ಲಗ್‌ಗಳು ಅದಕ್ಕೇ ಬರುತ್ತವೆ. ಕೋಳಿಯ ಕಾಳು ಇಲಿಗೆ ಸಿಗದಂತೆ ಮುಚ್ಚಳದ ಡಬ್ಬಿಯಲ್ಲಿಡಿ. ತೋಟದ ಸೊಪ್ಪನ್ನು ಒಂದೊಂದೇ ಎಲೆ ಬಿಡಿಸಿ, ಎರಡೂ ಬದಿ ನೋಡಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಬೇಯಿಸಿದರೆ ಇನ್ನೂ ನಿಶ್ಚಿಂತೆ. ನಮ್ಮ ಹುಳಿ, ಪಲ್ಯದ ಅಡುಗೆಯಲ್ಲಿ ಈ ಹುಳ ಉಳಿಯುವುದಿಲ್ಲ. ಹಸಿ ಕೋಸಂಬರಿ, ಸಲಾಡ್‌ಗೇ ಎಚ್ಚರ ಬೇಕು. ಅಂಬೆಗಾಲಿಡುವ ಮಗು ಇದ್ದರೆ ಅಂಗಳದಲ್ಲಿ ಕಣ್ಣಿಟ್ಟಿರಿ. ಸ್ಲಗ್ಗನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕೋಳಿಗಳ ವಿಷಯದಲ್ಲಿ ನಿಮ್ಮ ಮುಖ್ಯ ಶತ್ರು ತೇವ. ಹಿಲೋ ಮಳೆಯಲ್ಲಿ ಗೂಡಿನ ನೆಲ ಒದ್ದೆಯಾದರೆ ಕಾಕ್ಸಿಡಿಯಾ ಅನ್ನುವ ಕರುಳಿನ ಪರೋಪಜೀವಿ ಬರುತ್ತದೆ. ಮರಿಗಳು ರಕ್ತಭೇದಿಯಾಗಿ ಸಾಯುತ್ತವೆ. ನೆಲ ಎತ್ತರಿಸಿ, ಒಣ ಹೊಟ್ಟು ಹಾಕಿ, ಆಗಾಗ ಬದಲಿಸಿ. ಜಂತುಹುಳದ ಔಷಧಿಯನ್ನು ಮಲ ಪರೀಕ್ಷೆ ಮಾಡಿಸಿ ಕೊಡುವುದು ಒಳ್ಳೆಯದು, ಅಂದಾಜಿಗೆ ಕೊಡಬೇಡಿ.

ಕೊನೆಗೆ ಮೈಸೂರಿನ ನಾಯಿ. ಹವಾಯಿಯಲ್ಲಿ ಹುಚ್ಚುನಾಯಿ ರೋಗವಿಲ್ಲ. ಅದಕ್ಕೇ ಅಲ್ಲಿನ ನಿಯಮ ಬಿಗಿ. ಮೈಕ್ರೋಚಿಪ್, ಎರಡು ಸಲ ರೇಬಿಸ್ ಲಸಿಕೆ, ರಕ್ತದಲ್ಲಿ ಪ್ರತಿಕಾಯದ ಪರೀಕ್ಷೆ, ಅದರ ಮೇಲೆ ಕಾಯುವ ಅವಧಿ ಎಲ್ಲ ಇದೆ. ಭಾರತದಿಂದ ಬರುವ ನಾಯಿಗಳಿಗೆ ಅಮೆರಿಕ ದೇಶದ ನಿಯಮಗಳೂ ಬೇರೆ ಇವೆ. ತಿಂಗಳುಗಟ್ಟಲೆ ಮುಂಚೆ ಶುರು ಮಾಡಿ. ಹೊರಡುವ ಮುಂಚೆ ಉಣ್ಣೆಗೆ ಔಷಧಿ ಹಾಕಿಸಿರಬೇಕು, ತಲುಪುವ ದಿನಕ್ಕೆ 14 ದಿನದೊಳಗೆ ಹಾಕಿಸಿದ ದಾಖಲೆ ಬೇಕು.

ನಿಯಮದಲ್ಲಿ ಕೇಳಲಿ ಬಿಡಲಿ, ಒಂದು ಕೆಲಸ ಮಾಡಿ. ನಮ್ಮ ಊರಿನ ನಾಯಿಗಳಲ್ಲಿ ಉಣ್ಣೆಯಿಂದ ಹರಡುವ ಬೆಬೀಸಿಯಾ ಗಿಬ್ಸೋನಿ ಅನ್ನುವ ರಕ್ತದ ಪರೋಪಜೀವಿ ಸಾಕಷ್ಟು ಇದೆ. ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ ಕೂಡ ಇದೆ. ಎಷ್ಟೋ ನಾಯಿ ಮೇಲ್ನೋಟಕ್ಕೆ ಚೆನ್ನಾಗಿರುತ್ತವೆ, ರಕ್ತದಲ್ಲಿ ಸೋಂಕು ಉಳಿದಿರುತ್ತದೆ. ಎರ್ಲಿಕಿಯಾ ಹರಡುವ ಕಂದು ಉಣ್ಣೆ ಹವಾಯಿಯಲ್ಲೂ ಇದೆ. ಮೈಮೇಲಿನ ಉಣ್ಣೆ ಕಿತ್ತರೂ ರಕ್ತದಲ್ಲಿರುವುದು ವಿಮಾನ ಹತ್ತಿಬಿಡುತ್ತದೆ. ಹಾಗಾಗಿ ಹೊರಡುವುದಕ್ಕೆ ಎರಡು ಮೂರು ತಿಂಗಳು ಮುಂಚೆ ನಿಮ್ಮ ಅಪ್ಪ-ಅಮ್ಮನಿಗೆ ಹೇಳಿ ಪಿಸಿಆರ್ ರಕ್ತ ಪರೀಕ್ಷೆ ಮಾಡಿಸಿ. ಸೋಂಕು ಇದ್ದರೆ ಚಿಕಿತ್ಸೆ ಮುಗಿಸಿ ಇನ್ನೊಮ್ಮೆ ಪರೀಕ್ಷಿಸಲು ಸಮಯ ಸಿಗುತ್ತದೆ. ಹಾರ್ಟ್‌ವರ್ಮ್ ಪರೀಕ್ಷೆಯನ್ನೂ ಆಗಲೇ ಮಾಡಿಸಿಬಿಡಿ. ವರದಿಗಳ ಪ್ರತಿಯನ್ನು ಹಿಲೋದ ನಿಮ್ಮ ಪಶುವೈದ್ಯರಿಗೆ ಮೊದಲೇ ಕಳಿಸಿ.